ಸೀಟು ಸಿಕ್ಕ ಮೇಲೆ

ಮಗಳಿಗೆ ಬಿ.ಡಿ.ಎಸ್. ಸೀಟು ಸಿಕ್ಕ ವಾರ ನಮ್ಮ ಮನೆಗೆ ಬಂದವರೆಲ್ಲ ಹೆಚ್ಚುಕಡಿಮೆ ಎರಡೇ ಪ್ರಶ್ನೆ ಕೇಳಿದರು. 'ಎಂ.ಬಿ.ಬಿ.ಎಸ್. ಸಿಗಲಿಲ್ಲವೇ?' ಎಂಬುದು ಮೊದಲನೆಯದು. ಅದಕ್ಕೆ ಉತ್ತರಿಸುವುದು ಸುಲಭ. ಸಿಗಲಿಲ್ಲ. ಎರಡನೆಯದು ಟೀಪಾಯಿಯ ಮೇಲೆ ಮಗುಚಿಟ್ಟಿದ್ದ ಪುಸ್ತಕವನ್ನು ಕಂಡು ಹುಟ್ಟಿದ ಪ್ರಶ್ನೆ: 'ಸೀಟು ಸಿಕ್ಕಿತಲ್ಲ, ಇನ್ನೂ ಯಾಕೆ ಇದನ್ನು ಓದುತ್ತಿದ್ದಾಳೆ?' ಅದಕ್ಕೆ ಉತ್ತರ ಹುಡುಕಲು ನಮಗೆ ಬಹಳ ದಿನ ಹಿಡಿಯಿತು.

ನಾವು ಅಂದರೆ ಇಬ್ಬರು, ಅವಳ ತಂದೆ ಮತ್ತು ತಾಯಿ. ಇಲ್ಲಿ ಯಾವ ಮಾತನ್ನು ಯಾರು ಆಡಿದರು ಎಂದು ಬಿಡಿಸಿ ಹೇಳಲು ಹೋಗುವುದಿಲ್ಲ. ಹೇಳಿದರೆ ಮನೆಯಲ್ಲಿ ಇನ್ನೊಂದು ಚರ್ಚೆ ಶುರುವಾಗುತ್ತದೆ.

ಆ ಪುಸ್ತಕ ಕನ್ನಡ ಸಾಹಿತ್ಯ ಪರಿಷತ್ತಿನ 'ಜಾಣ' ಪರೀಕ್ಷೆಗೆ ಸಂಬಂಧಿಸಿದ್ದು. 1915ರಲ್ಲಿ ಸ್ಥಾಪನೆಯಾದ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ಬಹಳ ಕಾಲದಿಂದ ನಡೆಸಿಕೊಂಡು ಬಂದಿದೆ. ಪುಸ್ತಕ ತಂದು ಮನೆಯಲ್ಲೇ ಓದಿಕೊಂಡು ಬರೆಯಬಹುದು. ನಮ್ಮ ಹಿಂದಿನ ತಲೆಮಾರಿನಲ್ಲಿ ಮನೆಗೆಲಸ ಮುಗಿಸಿ ಮಧ್ಯಾಹ್ನ ಓದಿ 'ಕಾವ' ಕಟ್ಟಿದ ಗೃಹಿಣಿಯರೂ ಗುಮಾಸ್ತರೂ ಎಷ್ಟೋ ಮಂದಿ ಇದ್ದರು. ಈಗಿನ ಮಕ್ಕಳಿಗೆ ಇಂಥದೊಂದು ಪರೀಕ್ಷೆ ಇದೆ ಎಂಬುದೇ ತಿಳಿದಂತಿಲ್ಲ. ನಮ್ಮ ಮಗಳಿಗೆ ತಿಳಿಸಿದ್ದು ಹೈಸ್ಕೂಲಿನ ಕನ್ನಡ ಮೇಡಂ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಾವ ಕಟ್ಟಿ ತೇರ್ಗಡೆಯಾದಳು. ಪಿ.ಯು.ಸಿ. ಆದ ಮೇಲೆ ಜಾಣ, ಆಮೇಲೆ ರತ್ನ ಎಂದು ತಾನೇ ಲೆಕ್ಕ ಹಾಕಿಟ್ಟುಕೊಂಡಿದ್ದಳು.

ಜಾಣ ಅಂದರೆ ಏನು ಎಂದು ಮನೆಯಲ್ಲಿರುವ ನಾನಿಗೆ ವಿವರಿಸಿದಾಗ ಅವರು, "ಹಮಾರಿ ಛೋಕ್ರಿ ಹುಷಾರಿಚ್ ಹೈ, ಉಸ್ಕು ಕಾಗಜ್ ಕಾಯ್ಕು?" ಅಂದರು. ನಮ್ಮ ಹುಡುಗಿ ಜಾಣೆಯೇ, ಅದಕ್ಕೊಂದು ಕಾಗದ ಯಾಕೆ ಎಂದು. ಇಡೀ ಚರ್ಚೆಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಇನ್ನಾರೂ ಕೇಳಲಿಲ್ಲ.

ನಮ್ಮ ಮನೆಮಾತು ದಖನಿ. ಇರುವುದು ವಿಜಯನಗರಕ್ಕೂ ಪಾದರಾಯನಪುರಕ್ಕೂ ನಡುವೆ. ಈ ಕಡೆಯ ಬೀದಿಗಳಲ್ಲಿ ಒಬ್ಬ ಮನುಷ್ಯ ದಿನಕ್ಕೆ ನಾಲ್ಕು ಭಾಷೆ ಆಡುವುದು ವಿಶೇಷವೇನೂ ಅಲ್ಲ. ತರಕಾರಿ ಗಾಡಿಯವನ ಹತ್ತಿರ ಕನ್ನಡ, ಗ್ಯಾರೇಜಿನಲ್ಲಿ ದಖನಿ, ಕಿರಾಣಿ ಅಂಗಡಿಯಲ್ಲಿ ತಮಿಳು, ಬ್ಯಾಂಕಿನಲ್ಲಿ ಇಂಗ್ಲಿಷ್. ಆದರೆ ಮಾತಾಡುವ ಕನ್ನಡ ಬೇರೆ, ಓದುವ ಕನ್ನಡ ಬೇರೆ. ನಮ್ಮ ಮನೆಯಲ್ಲಿ ಓದುವ ಕನ್ನಡ ಒಳಗೆ ಬಂದದ್ದು ಈ ಹುಡುಗಿಯಿಂದಲೇ. ಪಿ.ಯು.ಸಿ.ಯಲ್ಲಿ ಅವಳ ತರಗತಿಯ ಎಷ್ಟೋ ಮಕ್ಕಳು 'ಸ್ಕೋರಿಂಗ್' ಎಂದು ಸಂಸ್ಕೃತ ತೆಗೆದುಕೊಂಡರು. ಸಂಸ್ಕೃತದ ಮೇಲಿನ ಪ್ರೀತಿಯಿಂದ ತೆಗೆದುಕೊಂಡವರ ಬಗ್ಗೆ ನಮಗೆ ಗೌರವವಿದೆ. ಆದರೆ ನೂರಕ್ಕೆ ನೂರು ಬರುತ್ತದೆ ಎಂದು ಒಂದು ಭಾಷೆಯನ್ನು ಓದಿ, ಪರೀಕ್ಷೆಯ ಮರುದಿನ ಮರೆತುಬಿಡುವುದು ಆ ಭಾಷೆಗೆ ಮಾಡುವ ಗೌರವವೂ ಅಲ್ಲ. ಇವಳು ಕನ್ನಡವನ್ನೇ ಇಟ್ಟುಕೊಂಡಳು. ಭಾಷೆಯ ಅಂಕ ಯಾವ ರ‍್ಯಾಂಕಿಗೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಇನ್ನು ನೀಟ್ ಕಥೆ. ಇವಳು ಬರೆದದ್ದು 2024ರಲ್ಲಿ. ಆ ವರ್ಷವನ್ನು ಮಕ್ಕಳನ್ನು ಹೆತ್ತವರು ಯಾರೂ ಬೇಗ ಮರೆಯಲಾರರು. ಮೇ 5ರಂದು ಪರೀಕ್ಷೆ. 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದ ಜೂನ್ 4ರಂದೇ ಫಲಿತಾಂಶವೂ ಬಂತು. ನೋಡಿದರೆ 67 ಮಂದಿಗೆ ಪೂರ್ತಿ 720 ಅಂಕ! ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕ, ನ್ಯಾಯಾಲಯ ಎಂದು ದಿನಕ್ಕೊಂದು ಸುದ್ದಿ. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಒಪ್ಪಿದ್ದರಲ್ಲ, ಅದರ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಜುಲೈ 26ರಂದು ಪರಿಷ್ಕೃತ ಫಲಿತಾಂಶ ಬಂದಾಗ ಆ 67 ಮಂದಿ 17ಕ್ಕೆ ಇಳಿದಿದ್ದರು. ಲಕ್ಷಾಂತರ ಮಕ್ಕಳ ಅಂಕ ಬದಲಾಯಿತು. ಒಂದು ಪ್ರಶ್ನೆಯಿಂದ ಸಾವಿರಾರು ಮಕ್ಕಳು ಮೇಲಕ್ಕೆ ಹೋದರು, ಸಾವಿರಾರು ಮಕ್ಕಳು ಕೆಳಕ್ಕೆ ಬಂದರು. ಆ ಎರಡು ತಿಂಗಳು ಮಗಳು ಮೊಬೈಲಿನ ಮುಂದೆ ಕೂತೇ ಕಳೆದಾಳು ಎಂದು ನಾವು ಅಂಜಿದ್ದೆವು. ಅವಳು ಮೊಬೈಲನ್ನು ಕಪಾಟಿನ ಮೇಲಿಟ್ಟು ಜಾಣದ ಪುಸ್ತಕ ತೆಗೆದಳು.

ಅದೇ ಹೊತ್ತಿಗೆ, ಯಾವುದಕ್ಕೂ ಇರಲಿ ಎಂದು ರಾಜಾಜಿನಗರದ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿಸಿದೆವು. ನಮ್ಮಂಥ ಮನೆಗಳಲ್ಲಿ ಇದು ಮಾಮೂಲಿ ಕ್ರಮ. ವೈದ್ಯಕೀಯ ಸೀಟಿನ ಸುತ್ತುಗಳು ಮುಗಿಯುವ ಹೊತ್ತಿಗೆ ಡಿಗ್ರಿ ಕಾಲೇಜುಗಳಲ್ಲಿ ಪಾಠ ಅರ್ಧ ನಡೆದುಹೋಗಿರುತ್ತದೆ. ಒಂದು ಕಾಲು ಆ ದೋಣಿಯಲ್ಲಿ ಇರಲೇಬೇಕು. ಎರಡನೇ ಸುತ್ತಿನಲ್ಲಿ ಕೋಟೆ ಪ್ರದೇಶದ, ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಬಂತು. 1958ರಿಂದ ಇರುವ ಕಾಲೇಜು. ಸರ್ಕಾರಿ ಶುಲ್ಕ, ಮನೆಯಿಂದಲೇ ಓಡಾಡುವಷ್ಟು ಹತ್ತಿರ. ಬಿ.ಎಸ್ಸಿ. ಬಿಡುವ ಬಗ್ಗೆ ಮನೆಯಲ್ಲಿ ಐದು ನಿಮಿಷವೂ ಚರ್ಚೆಯಾಗಲಿಲ್ಲ. ಕಟ್ಟಿದ ಹಣ ಹೋಯಿತು ಎಂದು ಒಂದು ದಿನ ಗೊಣಗಿದೆವು, ಅಷ್ಟೆ. ಬಂಧುಗಳೊಬ್ಬರು ಫೋನು ಮಾಡಿ, "ಡೆಂಟಲ್ ಬೇಡ, ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಹಾಕಿ, ಎಂ.ಬಿ.ಬಿ.ಎಸ್. ಸಿಗುತ್ತದೆ" ಅಂದರು. ಅದಕ್ಕೆ ಮಗಳೇ ಉತ್ತರಿಸಿದಳು: "ಮಾಮು, ನನಗೆ ಹಲ್ಲೇ ಇಷ್ಟ." ಅದು ನಿಜವೋ, ಇನ್ನೊಂದು ವರ್ಷದ ಕೋಚಿಂಗ್ ತಪ್ಪಿಸಿಕೊಳ್ಳುವ ಉಪಾಯವೋ ನಾವು ಕೆದಕಲಿಲ್ಲ.

ವಿಚಿತ್ರ ನೋಡಿ. ಶುಲ್ಕ ಕಟ್ಟಿ, ಹಾಜರಿ ಹಾಕಿದ್ದ ಬಿ.ಎಸ್ಸಿ.ಯನ್ನು ಬಿಟ್ಟದ್ದಕ್ಕೆ ಯಾರಿಗೂ ಏನೂ ಅನ್ನಿಸಲಿಲ್ಲ. ಯಾರೂ ಹೇಳದೆ ಓದುತ್ತಿದ್ದ ಜಾಣವನ್ನು ಬಿಡದೇ ಇದ್ದದ್ದಕ್ಕೆ ಎಲ್ಲರಿಗೂ ಏನೋ ಅನ್ನಿಸಿತು.

ಹಂಪಿನಗರದ ಗ್ರಂಥಾಲಯದಲ್ಲಿ ನಡೆದ ಒಂದು ಮಾತುಕತೆಯನ್ನು ಮಗಳು ಬಂದು ಹೇಳಿದ್ದಳು. ಆ ಗ್ರಂಥಾಲಯವನ್ನು ಕಾಣದವರಿಗೆ ಎರಡು ಮಾತು. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ಊರು. ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಇಲ್ಲಿನ ಪಿ.ಜಿ.ಗಳಲ್ಲಿ ಒಂದೊಂದು ಮಂಚ ಹಿಡಿದು ವರ್ಷಗಟ್ಟಲೆ ಓದುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಗ್ರಂಥಾಲಯದ ಮುಂದೆ ಬ್ಯಾಗುಗಳ ಸಾಲು ನಿಂತಿರುತ್ತದೆ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ. ಅಲ್ಲಿ ಮಗಳು ಪಂಪನ ಬಗ್ಗೆ ಏನೋ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಎದುರು ಕೂತಿದ್ದ ಉತ್ತರ ಕರ್ನಾಟಕದ ಹುಡುಗ ಕುತೂಹಲದಿಂದ ಕೇಳಿದನಂತೆ:

"ಅಕ್ಕಾರ, ಯು.ಪಿ.ಎಸ್ಸಿ. ಆಪ್ಷನಲ್ ಕನ್ನಡ ಏನ್ರಿ?"

"ಇಲ್ಲ, ಜಾಣ ಪರೀಕ್ಷೆಗೆ."

"ಅದು ಯಾವ ಪೋಸ್ಟಿಗ್ರಿ?"

ಈಗಲೂ ನಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಏನಾದರೂ ಮಾಡುತ್ತಿದ್ದರೆ, ಕಸೂತಿಯಾಗಲಿ, ಮಾವಿನ ಓಟೆ ನೆಡುವುದಾಗಲಿ, 'ಯಾವ ಪೋಸ್ಟಿಗೆ?' ಎಂದು ಕೇಳುವುದು ರೂಢಿಯಾಗಿದೆ. ಆ ಹುಡುಗನನ್ನು ಗೇಲಿ ಮಾಡಲು ಅಲ್ಲ. ಅವನು ಪಂಪನನ್ನು ಓದುವುದೂ ಒಂದು ಹುದ್ದೆಗಾಗಿ. ಊರಲ್ಲಿ ಅಪ್ಪ ಹೊಲದಲ್ಲಿ ದುಡಿದು ಕಳಿಸುವ ದುಡ್ಡಿನಲ್ಲಿ ಪಿ.ಜಿ. ಬಾಡಿಗೆ ಕಟ್ಟುವವನಿಗೆ ಬೇರೆ ರೀತಿ ಓದುವ ಅವಕಾಶ ಎಲ್ಲಿದೆ? ಸೀಟು ಸಿಕ್ಕಿದ್ದ ನಮ್ಮ ಮಗಳಿಗೆ ಆ ಅವಕಾಶ ಸಿಕ್ಕಿತ್ತು. ಅದನ್ನು ಬಿಟ್ಟುಕೊಡು ಎಂದು ನಾವೇ ಹೇಳುತ್ತಿದ್ದೆವು.

ಹೇಳುತ್ತಿದ್ದವರು ನಮ್ಮಲ್ಲಿ ಒಬ್ಬರು. ಆ ವಾದವನ್ನೂ ನ್ಯಾಯವಾಗಿಯೇ ಇಡಬೇಕು. ಬಿ.ಡಿ.ಎಸ್. ಅಂದರೆ ಆಟವಲ್ಲ. ನಾಲ್ಕು ವರ್ಷ ಓದು, ಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಮೊದಲ ವರ್ಷವೇ ದೇಹರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಅದರ ಜೊತೆಗೆ ಹಲ್ಲಿನ ರಚನೆ ಮತ್ತು ಬಾಯಿಯ ಅಂಗಾಂಶಗಳ ಪಾಠ. ಪ್ರತಿ ವಿಷಯದಲ್ಲೂ ಥಿಯರಿಗೆ ಬೇರೆ, ಪ್ರಾಕ್ಟಿಕಲ್ಲಿಗೆ ಬೇರೆ ಶೇ. 50 ಬರಲೇಬೇಕು. ಕನ್ನಡದಲ್ಲಿ ಯೋಚಿಸುವ ಮಗು ಇಂಗ್ಲಿಷಿನ ದಪ್ಪ ಪುಸ್ತಕಗಳಿಗೆ ಒಗ್ಗಿಕೊಳ್ಳಲು ಆರು ತಿಂಗಳಾದರೂ ಬೇಕು. ಎರಡು ವರ್ಷ ನಿದ್ದೆಗೆಟ್ಟು ಓದಿದ ಮಗು ತರಗತಿ ಶುರುವಾಗುವ ಮುಂಚೆ ಸ್ವಲ್ಪ ಮಲಗಲಿ, ತಿನ್ನಲಿ, ಅಜ್ಜಿಯ ಜೊತೆ ಕೂತು ಹರಟಲಿ. ಜಾಣ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದೆ ಯಾವಾಗಲಾದರೂ ಬರೆದರಾಯಿತು. ಈ ಮಾತಿನಲ್ಲಿ ತಪ್ಪೇನಿದೆ?

ಇನ್ನೊಬ್ಬರ ಉತ್ತರ ಚಿಕ್ಕದು: 'ಮುಂದೆ ಯಾವಾಗಲಾದರೂ' ಎಂದು ಬಿಟ್ಟ ಓದನ್ನು ಮತ್ತೆ ಹಿಡಿದವರನ್ನು ನಮ್ಮ ಬಳಗದಲ್ಲಿ ಬೆರಳೆಣಿಕೆಯಷ್ಟೂ ಕಂಡಿಲ್ಲ. ಅದರಲ್ಲೂ ಹೆಣ್ಣುಮಕ್ಕಳನ್ನು.

ಹೀಗೆ ವಾದ ಕಟ್ಟಿಕೊಂಡು ಕೂತಿದ್ದಾಗ ನಾನಿಗೆ ಹಲ್ಲುನೋವು ಬಂತು. ಬೇಕೆಂದೇ ಬರಿಸಿಕೊಂಡರೇನೋ ಎನ್ನುವಷ್ಟು ಸರಿಯಾದ ಹೊತ್ತಿಗೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಎಳೆ ವಯಸ್ಸಿನ ವೈದ್ಯರು ಹೊರ ರಾಜ್ಯದವರಿರಬೇಕು. ನಮಗಿಂತ ಮುಂದಿದ್ದ ರೋಗಿ ಮಾಗಡಿ ಕಡೆಯ ಹಿರಿಯರು. ವೈದ್ಯರು "ಸೆನ್ಸಿಟಿವಿಟಿ ಇದೆಯಾ? ಪೇಯ್ನ್ ಇದೆಯಾ?" ಎಂದು ಕೇಳುತ್ತಿದ್ದರು. ಅಜ್ಜ ಹೇಳುತ್ತಿದ್ದರು: "ಹಗಲೆಲ್ಲ ಏನೂ ಇಲ್ಲ ಸ್ವಾಮಿ. ರಾತ್ರಿ ತಲೆ ಕೆಳಗಿಟ್ರೆ ಸಾಕು, ದವಡೆ ಒಳಗೆ ಪಟಪಟ ಅಂತ ಮಿಡೀತದೆ. ಕಿವಿಗಂಟ ಸೆಳೀತದೆ." ವೈದ್ಯರು ಬರೆದುಕೊಂಡದ್ದು ಒಂದೇ ಪದ: ಪೇಯ್ನ್. ಕೊನೆಗೆ ಕ್ಷಕಿರಣ ಚಿತ್ರ ತೆಗೆದು ಸರಿಯಾಗಿಯೇ ಚಿಕಿತ್ಸೆ ಮಾಡಿರಬಹುದು. ದೂರು ಹೇಳುತ್ತಿಲ್ಲ.

ಆದರೆ ಹಲ್ಲುನೋವಿನ ವಿಷಯದಲ್ಲಿ ರೋಗಿಯ ಮಾತೇ ಅರ್ಧ ಪರೀಕ್ಷೆ. ತಣ್ಣೀರು ತಾಗಿದಾಗ ಜುಮ್ಮೆಂದು, ಕ್ಷಣದಲ್ಲಿ ನಿಂತುಹೋಗುವ ನೋವು ಬೇರೆ. ಬಿಸಿ ಕುಡಿದ ಮೇಲೆ ಬಹಳ ಹೊತ್ತು ಉಳಿಯುವ, ಮಲಗಿದಾಗ ಮಿಡಿಯುವ ನೋವು ಬೇರೆ. ಕಚ್ಚಿದಾಗ ಮಾತ್ರ ಚುಚ್ಚುವುದು ಇನ್ನೂ ಬೇರೆ. ಮೊದಲನೆಯದಕ್ಕೆ ಹುಳುಕು ತೆಗೆದು ತುಂಬಿಸಿದರೆ ಸಾಕಾಗಬಹುದು. ಎರಡನೆಯದರಲ್ಲಿ ಹಲ್ಲಿನ ಒಳಗಿನ ತಿರುಳೇ ಚೇತರಿಸಿಕೊಳ್ಳಲಾರದಷ್ಟು ಊದಿಕೊಂಡಿರುವ ಸಂಭವ ಹೆಚ್ಚು. ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಕೀಳಬೇಕು. ಜುಮ್ಮೆನ್ನುವುದು, ಮಿಡಿಯುವುದು, ಸೆಳೆಯುವುದು, ಕುಕ್ಕುವುದು, ಚಳುಕು ಎಂದು ಕನ್ನಡ ಇಷ್ಟು ಪದಗಳನ್ನು ಇಟ್ಟುಕೊಂಡಿರುವುದು ಅಲಂಕಾರಕ್ಕಲ್ಲ.

ಮನೆಗೆ ಬಂದ ಮೇಲೆ ಇದೇ ಪ್ರಸಂಗ ನಮ್ಮಲ್ಲಿ ಒಬ್ಬರಿಗೆ ಅಸ್ತ್ರವಾಯಿತು. ನೋಡಿ, ಕನ್ನಡ ಬಲ್ಲ ದಂತವೈದ್ಯೆಗೆ ಎಷ್ಟು ಉಪಯೋಗ! ಓದಲಿ ಬಿಡಿ ಜಾಣ!

ಇನ್ನೊಬ್ಬರು ತಣ್ಣಗೆ ಕೇಳಿದರು: "ಮಿಡಿಯುವುದು, ಸೆಳೆಯುವುದು ಅವಳಿಗೆ ಈಗಾಗಲೇ ಗೊತ್ತಿಲ್ಲವೇ? ಛಂದಸ್ಸು ಓದಿದರೆ ಮಾಗಡಿ ಅಜ್ಜನ ಹಲ್ಲುನೋವು ತಿಳಿಯುತ್ತದೆಯೇ? ಅದನ್ನು ಕಲಿಯಲು ಕೆ.ಆರ್. ಮಾರ್ಕೆಟ್ಟಿನಲ್ಲಿ ಒಂದು ವಾರ ನಿಂತರೆ ಸಾಕು."

ಅಸ್ತ್ರ ಅಲ್ಲೇ ಬಿದ್ದುಹೋಯಿತು. ಸತ್ಯವಾದ ಮಾತು. ಜಾಣದಲ್ಲಿ ಇರುವುದು ಹಳಗನ್ನಡ, ವ್ಯಾಕರಣ, ಛಂದಸ್ಸು, ಸಾಹಿತ್ಯ ಚರಿತ್ರೆ. ರೋಗಿಯ ಬಾಯಿ ತೆರೆಸಲು ಕಂದ ಪದ್ಯದ ಗಣ ಲೆಕ್ಕ ಹಾಕಬೇಕಿಲ್ಲ. ಯೋಚಿಸುತ್ತ ಹೋದಂತೆ ನಮಗೆ ಇನ್ನೊಂದು ಕಂಡಿತು. 'ಉಪಯೋಗವಿದೆ' ಎಂದು ವಾದಿಸಿದ ಕೂಡಲೇ ನಾವೂ ಅದನ್ನು ಒಂದು ಪೋಸ್ಟಿಗೆ ಕಟ್ಟಿಹಾಕುತ್ತಿದ್ದೆವು. ನಾಳೆ ಅವಳು ರೋಗಿಗಳೇ ಇಲ್ಲದ ಪ್ರಯೋಗಾಲಯದಲ್ಲಿ ಕೆಲಸ ಹಿಡಿದರೆ, ಕನ್ನಡ ತಿಳಿಯದ ಊರಿಗೆ ಮದುವೆಯಾಗಿ ಹೋದರೆ, ಆಗ ಓದಿದ್ದು ದಂಡವೇ?

ಬಂಧುಗಳಿಗೆ ಹೇಳಲು ದೊಡ್ಡವರ ಉದಾಹರಣೆಗಳು ಬೇಕಾದಷ್ಟಿದ್ದವು. ನಿಸಾರ್ ಅಹಮದ್ ಅವರು ಓದಿದ್ದು, ಕಲಿಸಿದ್ದು ಭೂವಿಜ್ಞಾನ. 2006ರ ಡಿಸೆಂಬರಿನಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ವೈದ್ಯವೃತ್ತಿಯ ನಡುವೆಯೇ 1942ರಲ್ಲಿ 'ಕೊರವಂಜಿ' ಶುರುಮಾಡಿ ನಾಡನ್ನು ನಗಿಸಿದರು. ಅನುಪಮಾ ನಿರಂಜನ ವೈದ್ಯೆ. ಆದರೆ ಈ ಹೆಸರುಗಳನ್ನು ಹೇಳಿದ ಕೂಡಲೇ 'ನಿಮ್ಮ ಮಗಳೂ ಲೇಖಕಿಯಾಗುತ್ತಾಳೇನು?' ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಆಗುವುದಿಲ್ಲ. ಅವಳು ಇದುವರೆಗೆ ಒಂದು ಕವನ ಬರೆದದ್ದೂ ನಮಗೆ ಗೊತ್ತಿಲ್ಲ. ಬರೆದು ಬಚ್ಚಿಟ್ಟಿದ್ದರೆ ಅದು ಬೇರೆ ಮಾತು.

ಈ ಚರ್ಚೆಯ ನಡುವೆ ಮಗಳು ತಾನೇ ಹುಡುಕಿ ತಂದ ಒಂದು ಕಥೆ ಮಾತ್ರ ಇಲ್ಲಿ ಹೇಳುವಂಥದ್ದು. ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜನ್ನು 1920ರಲ್ಲಿ ಕಲ್ಕತ್ತದಲ್ಲಿ ಕಟ್ಟಿದವರು ಡಾ. ರಫೀಉದ್ದೀನ್ ಅಹಮದ್. ಹುಟ್ಟಿದ್ದು ಢಾಕಾ ಕಡೆಯಲ್ಲಿ, 1890ರಲ್ಲಿ. ಅಮೆರಿಕದ ಅಯೋವಾದಲ್ಲಿ ದಂತವೈದ್ಯಕೀಯ ಓದಿ ಬಂದರು. ಇಲ್ಲಿ ಹಲ್ಲಿನ ಡಾಕ್ಟರೆಂದರೆ ಯಾರು ಎಂದೇ ಜನರಿಗೆ ತಿಳಿಯದ ಕಾಲ. ಕಾಲೇಜಿಗೆ ಹಣ ಬೇಕಲ್ಲ, ಅದಕ್ಕಾಗಿ ಅವರು ಕಲ್ಕತ್ತದಲ್ಲಿ ಒಂದು ಸೋಡಾ ಅಂಗಡಿ ನಡೆಸಿದರು, 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂದು. ಸಿಹಿ ಸೋಡಾ ಮಾರಿ ಬಂದ ಹಣದಲ್ಲಿ ಹಲ್ಲಿನ ಕಾಲೇಜು! 1925ರಲ್ಲಿ ದಂತವೈದ್ಯಕೀಯ ಪತ್ರಿಕೆಯೊಂದನ್ನು ಶುರುಮಾಡಿದರು, 1928ರಲ್ಲಿ ವಿದ್ಯಾರ್ಥಿಗಳಿಗೆ ಕೈಪಿಡಿ ಬರೆದರು, 1949ರಲ್ಲಿ ಕಾಲೇಜನ್ನು ಸರ್ಕಾರಕ್ಕೆ ಒಪ್ಪಿಸಿದರು, ಪಶ್ಚಿಮ ಬಂಗಾಳದಲ್ಲಿ ಮಂತ್ರಿಯೂ ಆದರು. 1964ರಲ್ಲಿ ಪದ್ಮಭೂಷಣ ಬಂತು. ಅವರ ಹುಟ್ಟುಹಬ್ಬ ಡಿಸೆಂಬರ್ 24ನ್ನು ಭಾರತದಲ್ಲಿ ದಂತವೈದ್ಯರ ದಿನವಾಗಿ ಆಚರಿಸುತ್ತಾರೆ. ನಮಗೆ ಈ ಹೆಸರೇ ಗೊತ್ತಿರಲಿಲ್ಲ. ಡೆಂಟಲ್ ಎಂದರೆ ಮೆಡಿಕಲ್ ಸಿಗದವರ ಜಾಗ ಎಂದು ತಿಳಿದಿದ್ದ ನಮ್ಮ ಬಂಧುಗಳಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಮಾಮುವಿಗೆ ಇದನ್ನೆಲ್ಲ ಒಪ್ಪಿಸಿದಾಗ ಅವರು ಕೇಳಿದ್ದು ಒಂದೇ: "ಆ ಸೋಡಾ ಅಂಗಡಿ ಈಗಲೂ ಇದೆಯಾ?"

ಮಗಳನ್ನು ನಾವು ನೇರವಾಗಿ ಕೇಳಿದ್ದು ತಡವಾಗಿ. ಅಷ್ಟು ಹೊತ್ತಿಗೆ ಕಾಲೇಜು ಶುರುವಾಗಿ ಕೆಲವು ದಿನಗಳಾಗಿದ್ದವು. ರಾತ್ರಿ ಊಟವಾದ ಮೇಲೆ ಅವಳು ಮೇಣದ ಒಂದು ಚಿಕ್ಕ ತುಂಡನ್ನು ಹಿಡಿದು ಕೆತ್ತುತ್ತಿದ್ದಳು. ದಂತವೈದ್ಯಕೀಯದ ಮೊದಲ ಪಾಠ ಇದೇ. ಹಲ್ಲಿನ ಅಳತೆ ಗುರುತು ಹಾಕಿಕೊಂಡು ಮೇಣದ ಕಂಬದಲ್ಲಿ ಹಲ್ಲನ್ನು ಕೆತ್ತಬೇಕು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು, ಒಂದೊಂದರ ಉಬ್ಬು ತಗ್ಗು ಬೇರೆ ಬೇರೆ. ಮಿಲಿಮೀಟರಿನ ಒಂದು ಪಾಲು ಹೆಚ್ಚು ಕೆರೆದರೆ ಹಲ್ಲು ಹೋಯಿತು, ಮತ್ತೆ ಹೊಸ ತುಂಡು. ಮೇಜಿನ ತುಂಬ ಬಿಳಿ ಸಿಪ್ಪೆ. ಪಕ್ಕದಲ್ಲಿ ಜಾಣದ ಪುಸ್ತಕ.

"ಎರಡೂ ಆಗುತ್ತದೇನಮ್ಮಾ?" ಎಂದು ಕೇಳಿದೆವು. "ಬಿಡುವುದಾದರೆ ಬಿಡು. ಯಾರೂ ಏನೂ ಅನ್ನುವುದಿಲ್ಲ."

ಅವಳು ಮೇಣದಿಂದ ಕಣ್ಣೆತ್ತದೆ ಹೇಳಿದಳು: "ಅದಕ್ಕೇ ಬಿಡಲ್ಲ. ಯಾರೂ ಏನ್ ಅನ್ನದ ಪರೀಕ್ಷೆ ನಂಗೆ ಇದೊಂದೇ ಇರೋದು. ಫೇಲಾದ್ರೂ ಯಾರಿಗೂ ನಷ್ಟ ಇಲ್ಲ. ಪಾಸಾದ್ರೆ ಯಾರೂ ಬೋರ್ಡಲ್ಲಿ ಫೋಟೋ ಹಾಕಲ್ಲ."

ಬೋರ್ಡಿನ ಮಾತು ಯಾಕೆ ಬಂತು ಎಂಬುದು ಈ ಕಡೆ ಓಡಾಡಿದವರಿಗೆ ತಿಳಿಯುತ್ತದೆ. ರಾಜಾಜಿನಗರದಿಂದ ಬಸವೇಶ್ವರನಗರದವರೆಗೆ, ಇತ್ತ ವಿಜಯನಗರದಿಂದ ಕೆಂಗೇರಿಯವರೆಗೆ ಜೂನ್ ಬಂತೆಂದರೆ ಕಾಲೇಜು, ಕೋಚಿಂಗ್ ಸೆಂಟರುಗಳ ಗೋಡೆ ತುಂಬ ಮಕ್ಕಳ ಮುಖ, ಮುಖದ ಕೆಳಗೆ ರ‍್ಯಾಂಕು. ಎರಡು ವರ್ಷ ಆ ಗೋಡೆಗಳ ಪಕ್ಕ ನಡೆದು ಕಾಲೇಜಿಗೆ ಹೋದವಳು ಇವಳು. ಒಂದು ಪ್ರಶ್ನೆಗೆ ಅಂಕ ಬದಲಾಗಿ ಸಾವಿರಾರು ಮಕ್ಕಳ ಹಣೆಬರಹ ಬದಲಾದದ್ದನ್ನೂ ಕಂಡವಳು. ಆ ಮಗುವಿಗೆ ತಪ್ಪಿದರೂ ಏನೂ ಕಳೆದುಕೊಳ್ಳದ ಒಂದು ಓದು ಬೇಕಿತ್ತು. ನಮ್ಮ ಎರಡೂ ಪಕ್ಷಗಳ ವಾದದಲ್ಲಿ ಈ ಮಾತೇ ಇರಲಿಲ್ಲ. ಸುಸ್ತಾಗುತ್ತಾಳೆ ಎಂದವರು ಇದನ್ನು ಕೆಲಸದ ಲೆಕ್ಕಕ್ಕೆ ಸೇರಿಸಿದ್ದೆವು. ಉಪಯೋಗವಾಗುತ್ತದೆ ಎಂದವರೂ ಕೆಲಸದ ಲೆಕ್ಕಕ್ಕೇ ಸೇರಿಸಿದ್ದೆವು. ಅವಳಿಗೆ ಅದೇ ಬಿಡುವು.

ಅಂದಿನಿಂದ ಚರ್ಚೆ ನಿಂತಿತು. ಏನೂ ತೊಂದರೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ ದೇಹರಚನಾಶಾಸ್ತ್ರದಲ್ಲಿ ಅಂಕ ಕಡಿಮೆ ಬಂತು. ಎರಡು ವಾರ ಜಾಣದ ಪುಸ್ತಕ ಮುಟ್ಟಲಿಲ್ಲ. ನಮ್ಮಲ್ಲಿ ಒಬ್ಬರು 'ಹೇಳಿರಲಿಲ್ಲವೇ' ಎಂಬ ಮುಖ ಮಾಡಿಕೊಂಡು ತಿರುಗಿದ್ದುಂಟು. ಮೂರನೇ ವಾರ ಪುಸ್ತಕ ಮತ್ತೆ ಬ್ಯಾಗಿಗೆ ಬಂತು. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿಯುವುದು ಅವಳ ದಾರಿ. ಮೆಜೆಸ್ಟಿಕ್ಕಿನವರೆಗೆ ಮೂಳೆಗಳ ಹೆಸರು, ಅಲ್ಲಿಂದ ಮುಂದೆ ವ್ಯಾಕರಣ ಎಂದು ಹಂಚಿಕೊಂಡಿದ್ದಳಂತೆ. ಬೆಳಗಿನ ನೂಕುನುಗ್ಗಲಿನಲ್ಲಿ ಎಷ್ಟು ಓದಲಾಯಿತೋ. ಪರಿಷತ್ತು ಇರುವ ಚಾಮರಾಜಪೇಟೆ ಕಾಲೇಜಿನಿಂದ ನಡೆದೇ ಹೋಗುವಷ್ಟು ದೂರ. ಒಂದು ಸಂಜೆ ಅಲ್ಲಿನ ಪುಸ್ತಕ ಮಳಿಗೆಗೆ ಹೋಗಿ ಬಂದಳು.

ಆ ಸಂಜೆಯೇ ಇರಬೇಕು, ನಾನಿಯ ಹತ್ತಿರ ಕೂತು ಹೇಳಿದಳು: "ನಾನೀ, ಹಳಗನ್ನಡದಲ್ಲಿ ಹಲ್ಲಿಗೆ ಪಲ್ ಅಂತಾರೆ. ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಪಲ್ ಹಲ್ಲಾಯ್ತು." ಹಳಗನ್ನಡದ ಪಕಾರ ಕಾಲ ಕಳೆದಂತೆ ಹಕಾರವಾದ ಪಾಠ ಅದು. ನಾನಿ ಹುಟ್ಟಿ ಬೆಳೆದದ್ದು ಆಂಬೂರಿನಲ್ಲಿ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ತಮಿಳು. ಅವರು ತಮ್ಮ ಉಳಿದಿರುವ ಹಲ್ಲುಗಳನ್ನು ತೋರಿಸುತ್ತ ನಕ್ಕರು. "ಇದಕ್ಕೆ ಪುಸ್ತಕ ಯಾಕೆ? ನಮ್ಮ ಊರಲ್ಲಿ ಈಗಲೂ ಪಲ್ಲು ಅಂತಲೇ ಅನ್ನೋದು. ಪಾಲು, ಪುಲಿ, ಎಲ್ಲ ಅಲ್ಲೇ ಇದೆ. ನಿಮ್ಮವರೇ ಕಳಕೊಂಡದ್ದು." ನಾನಿಗೆ ಕನ್ನಡ ಓದಲು ಬಾರದು. ಅಂದು ಹತ್ತು ನಿಮಿಷ ಅವರೇ ಮಗಳಿಗೆ ಪಾಠ ಮಾಡಿದರು. ಪೂ, ಪೇರು, ಪುಳು ಎಂದು ಇವರು ಒಂದೊಂದೇ ತಮಿಳು ಪದ ಹೇಳುವುದು, ಅವಳು ಹೂ, ಹೆಸರು, ಹುಳು ಎಂದು ಕನ್ನಡ ಮಾಡುವುದು. ಹಲ್ಲು ಕೀಳಿಸಿಕೊಂಡ ಜಾಗ ಇನ್ನೂ ಮಾಯದ ದಿನಗಳು, ನಾನಿ ಮಾತಾಡಬಾರದಿತ್ತು.

ಜಾಣ ಪರೀಕ್ಷೆ ಬರೆದಳು. ಛಂದಸ್ಸಿನಲ್ಲಿ ಒಂದು ಪ್ರಶ್ನೆ ಪೂರ್ತಿ ಬಿಟ್ಟು ಬಂದಿದ್ದಳು. ಆ ಬಗ್ಗೆ ಅವಳಿಗಿಂತ ನಮಗೇ ಹೆಚ್ಚು ಚಿಂತೆಯಾಯಿತು. ಏನೂ ಕಳೆದುಕೊಳ್ಳಲಾರದ ಪರೀಕ್ಷೆಗೂ ಚಿಂತಿಸುವ ಅಭ್ಯಾಸ ಹೆತ್ತವರಿಗೆ ಅಷ್ಟು ಬೇಗ ಹೋಗುವುದಿಲ್ಲ. ತೇರ್ಗಡೆಯಾದಳು. ದೊಡ್ಡ ಅಂಕವೇನಲ್ಲ. ನಾನಿ ಮಾತ್ರ ಆ ಕಾಗದವನ್ನು ತಮ್ಮ ಟ್ರಂಕಿನಲ್ಲಿ, ಆಧಾರ್ ಕಾರ್ಡಿನ ಜೊತೆಗೆ ಇಟ್ಟುಕೊಂಡಿದ್ದಾರೆ.

ಬಿ.ಡಿ.ಎಸ್. ಮೊದಲ ವರ್ಷವೂ ಮುಗಿದಿದೆ. ಮೇಣದ ಹಲ್ಲುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಮೊನ್ನೆ ನಾವು, ರತ್ನಕ್ಕೆ ಅರ್ಜಿ ತರಬೇಕೇ ಎಂದು ಕೇಳಿದೆವು. ಕೇಳಿದವರು ಹಿಂದೆ ಬೇಡ ಅಂದವರೇ. ಅವಳು "ನೋಡೋಣ" ಅಂದಳು. ಎರಡನೇ ವರ್ಷ ಪ್ಯಾಥಾಲಜಿ, ಫಾರ್ಮಕಾಲಜಿ ಇದೆಯಂತೆ.